ಗುನಾ ಯಾಲಾ ದ್ವೀಪಗಳಲ್ಲಿ ಆಲ್ಬಿನಿಸಂ ಇರುವವರ ಭಾವಚಿತ್ರ ತೆಗೆಯುವುದು: ಬೆಳಕು, ಅನುಮತಿ, ಎಕ್ಸ್‌ಪೋಷರ್ ಬಗ್ಗೆ ಸಲಹೆ ಬೇಕು

ಪ್ರಶ್ನೆ
ಬರೆದವರು: ದಡದ ನೆರಳು

ಎಲ್ಲರಿಗೂ ನಮಸ್ಕಾರ. ಬರುವ ಫೆಬ್ರವರಿಯಲ್ಲಿ ಮೂರು ವಾರಗಳ ಮಟ್ಟಿಗೆ ಪನಾಮಾ ದೇಶದ ಕೆರಿಬಿಯನ್ ಕರಾವಳಿಯಲ್ಲಿರುವ ಗುನಾ ಯಾಲಾ ದ್ವೀಪಗಳಿಗೆ ಹೋಗುವವನಿದ್ದೇನೆ. ಬಣ್ಣಬಣ್ಣದ ಬಟ್ಟೆಗಳನ್ನು ಒಂದರ ಮೇಲೊಂದು ಹಾಸಿ, ಮೇಲಿನ ಪದರವನ್ನು ಕತ್ತರಿಸಿ, ಅಂಚನ್ನು ಒಳಗೆ ಮಡಿಸಿ ಹೊಲಿಯುವ ಮೋಲ ಎಂಬ ಅಲ್ಲಿನ ಕುಸುರಿ ಕೆಲಸದ ಬಗ್ಗೆ ನನ್ನ ಸ್ನೇಹಿತೆಯೊಬ್ಬರು ಅಧ್ಯಯನ ನಡೆಸುತ್ತಿದ್ದಾರೆ. ಅವರ ಬರಹಕ್ಕೆ ಚಿತ್ರ ತೆಗೆದುಕೊಡುವ ಹೊಣೆ ನನ್ನದು. ಅವರಿಗೆ ಪರಿಚಯವಾಗಿರುವ ಹೊಲಿಗೆಯವರಲ್ಲಿ ಮೂವರಿಗೆ ಆಲ್ಬಿನಿಸಂ ಇದೆ, ಅಂದರೆ ಹುಟ್ಟಿನಿಂದಲೇ ಚರ್ಮ, ಕೂದಲು, ಕಣ್ಣುಗಳಲ್ಲಿ ಮೆಲನಿನ್ ಎಂಬ ವರ್ಣದ್ರವ್ಯ ತೀರಾ ಕಡಿಮೆ. ಜಗತ್ತಿನಲ್ಲಿ ಸರಾಸರಿ 17,000ದಿಂದ 20,000 ಜನರಲ್ಲಿ ಒಬ್ಬರಿಗೆ ಇರುವ ಈ ಸ್ಥಿತಿ ಅಲ್ಲಿನ ಮೂಲನಿವಾಸಿಗಳಾದ ಗುನಾ ಜನರಲ್ಲಿ ಸುಮಾರು 150ರಿಂದ 200 ಮಂದಿಗೆ ಒಬ್ಬರಂತೆ ಕಂಡುಬರುತ್ತದೆ ಎಂದು ಓದಿದ್ದೇನೆ.

ನನ್ನ ಅಳುಕಿಗೆ ಕಾರಣವಿದೆ. ಎರಡು ವರ್ಷಗಳ ಹಿಂದೆ ಒಂದು ಮದುವೆಯಲ್ಲಿ ವಧುವಿನ ಸೋದರತ್ತೆಯ ಮಗಳನ್ನು ನೆಂಟರ ಗುಂಪಿನೊಂದಿಗೆ ನಿಲ್ಲಿಸಿ ಫ್ಲ್ಯಾಶ್ ಹಾಕಿ ಚಿತ್ರ ತೆಗೆದೆ. ಆಕೆಗೆ ಆಲ್ಬಿನಿಸಂ ಇತ್ತು. ಉಳಿದ ಹನ್ನೊಂದು ಮುಖಗಳು ಚೆನ್ನಾಗಿಯೇ ಬಂದವು. ಆಕೆಯ ಮುಖದ ಜಾಗದಲ್ಲಿ ಮೂಗಿನ ಎರಡು ಹೊಳ್ಳೆ, ತುಟಿಯ ಒಂದು ಗೆರೆ ಬಿಟ್ಟರೆ ಬರೀ ಖಾಲಿ ಕಾಗದ. ಕಣ್ಣು ಬಿಗಿಯಾಗಿ ಮುಚ್ಚಿದ್ದವು. "ಪರವಾಗಿಲ್ಲ ಬಿಡಿ, ಅವಳದ್ದು ಯಾವ ಫೋಟೋದಲ್ಲೂ ಹೀಗೇ" ಎಂದು ಮನೆಯವರು ಸಮಾಧಾನ ಹೇಳಿದರು. ಆ ಸಮಾಧಾನವೇ ನನಗೆ ಇಂದಿಗೂ ಚುಚ್ಚುತ್ತದೆ.

ಆದ್ದರಿಂದ ತಿಳಿದವರನ್ನು ಕೇಳುತ್ತಿದ್ದೇನೆ: ಸುತ್ತಲೂ ನೀರು ಮತ್ತು ಮರಳು ಇರುವ ಆ ಬಿಸಿಲಿನಲ್ಲಿ ಯಾವ ಹೊತ್ತಿನಲ್ಲಿ, ಎಲ್ಲಿ ಕುಳ್ಳಿರಿಸಿ ತೆಗೆಯಬೇಕು? ಕ್ಯಾಮೆರಾದಲ್ಲಿ ಬೆಳಕನ್ನು ಅಳೆಯುವ ಮೀಟರನ್ನು ಎಷ್ಟು ನಂಬಬಹುದು? ಅನುಮತಿಯನ್ನು ಯಾರಿಂದ ಪಡೆಯಬೇಕು? ಇನ್ನೊಂದು ಸಣ್ಣ ವಿಷಯ, ಚಿತ್ರದ ಅಡಿಬರಹದಲ್ಲಿ ಕನ್ನಡದ ಯಾವ ಪದ ಬಳಸಿದರೆ ಸರಿ? ಅಲ್ಲಿನವರನ್ನು "ಚಂದ್ರನ ಮಕ್ಕಳು" ಎನ್ನುತ್ತಾರಂತೆ. ಸರಣಿಗೆ ಅದೇ ಹೆಸರಿಡಬಹುದೇ ಎಂಬ ಯೋಚನೆಯೂ ಇದೆ.

---

ಉತ್ತರ 1
ಬರೆದವರು: ಹವಳದಂಡೆ

ನಾನು ಕೆಲವು ವರ್ಷಗಳ ಹಿಂದೆ ಆ ಕಡೆ ಹನ್ನೆರಡು ದಿನ ಇದ್ದೆ. ಆಗ ಕಂಡದ್ದನ್ನು ಹೇಳುತ್ತೇನೆ.

ಮೊದಲು ಅನುಮತಿಯ ಮಾತು. ಗುನಾ ಯಾಲಾ ಎಂಬುದು ಪನಾಮಾದೊಳಗೆ ಸ್ವಂತ ಆಡಳಿತವಿರುವ ಪ್ರದೇಶ. ಅಲ್ಲಿ 360ಕ್ಕೂ ಹೆಚ್ಚು ದ್ವೀಪಗಳಿವೆ, ಜನವಸತಿ ಇರುವುದು ಐವತ್ತರ ಆಸುಪಾಸಿನ ಊರುಗಳಲ್ಲಿ ಮಾತ್ರ. ಪ್ರತಿ ಊರಿಗೂ ಸಾಹಿಲಾ ಎಂಬ ಮುಖಂಡರಿರುತ್ತಾರೆ, ಎಲ್ಲ ಊರುಗಳಿಗೂ ಸೇರಿ ಗುನಾ ಮಹಾಸಭೆ ಇದೆ. ಪ್ರವಾಸಿಯಾಗಿ ಹೋಗಿ ನೆನಪಿಗೆ ನಾಲ್ಕು ಚಿತ್ರ ತೆಗೆಯುವುದಕ್ಕೂ ಪ್ರಕಟಣೆಗಾಗಿ ತೆಗೆಯುವುದಕ್ಕೂ ಅಲ್ಲಿ ಸ್ಪಷ್ಟವಾದ ವ್ಯತ್ಯಾಸವಿದೆ, ನಿಮ್ಮದು ಎರಡನೆಯದು. ನಿಮ್ಮ ಸ್ನೇಹಿತೆಯ ಅಧ್ಯಯನಕ್ಕೆ ಈಗಾಗಲೇ ಒಪ್ಪಿಗೆ ಸಿಕ್ಕಿದ್ದರೆ ಅದರಲ್ಲಿ ಛಾಯಾಗ್ರಹಣವೂ ಸೇರಿದೆಯೇ ಎಂದು ಕೇಳಿ ಖಚಿತಪಡಿಸಿಕೊಳ್ಳಿ. ಊರಿಗೆ ಹೋದ ದಿನವೇ ಸಾಹಿಲಾ ಅವರನ್ನು ಕಾಣಿರಿ. ಸಂಜೆ ಊರವರು ಸೇರುವ ದೊಡ್ಡ ಸಭಾಮನೆಯಲ್ಲಿ ಸಾಹಿಲಾ ತೂಗುಮಂಚದಲ್ಲಿ ಕುಳಿತು ಹಾಡಿನ ಧಾಟಿಯಲ್ಲಿ ಮಾತನಾಡುವುದನ್ನು, ಅರ್ಗಾರ್ ಎಂಬ ವ್ಯಾಖ್ಯಾನಕಾರರು ಅದನ್ನು ಜನರಿಗೆ ಬಿಡಿಸಿ ಹೇಳುವುದನ್ನು ನೀವು ನೋಡಬಹುದು. ಅಲ್ಲಿ ಕ್ಯಾಮೆರಾವನ್ನು ಚೀಲದಿಂದ ಹೊರತೆಗೆಯಲೇಬೇಡಿ. ಮೋಲ ವಿನ್ಯಾಸಗಳಿಗೂ 2000ನೇ ಇಸವಿಯ 20ನೇ ಕಾನೂನಿನ ಪ್ರಕಾರ ಪನಾಮಾದಲ್ಲಿ ಸಾಮುದಾಯಿಕ ಹಕ್ಕಿನ ರಕ್ಷಣೆ ಇದೆ, ಆದ್ದರಿಂದ ಬಟ್ಟೆಯ ಚಿತ್ರವನ್ನು ಎಲ್ಲೆಲ್ಲಿ ಬಳಸುತ್ತೀರಿ ಎಂಬುದನ್ನೂ ಮುಚ್ಚಿಡದೆ ಹೇಳಿ.

ಪ್ರವಾಸಿಗರು ಹೆಚ್ಚಾಗಿ ಬರುವ ದ್ವೀಪಗಳಲ್ಲಿ ಒಂದು ಚಿತ್ರಕ್ಕೆ ಒಂದು ಡಾಲರ್ ಎಂಬ ರೂಢಿ ಬಹಳ ಕಾಲದಿಂದ ಇದೆ. ಅದನ್ನು ದುರಾಸೆ ಎಂದು ಮೂಗು ಮುರಿಯುವವರನ್ನು ಕಂಡಿದ್ದೇನೆ, ನನಗೆ ಹಾಗನ್ನಿಸಲಿಲ್ಲ; ತಮ್ಮ ಮುಖಕ್ಕೆ ತಾವೇ ಬೆಲೆ ಕಟ್ಟುವ ಹಕ್ಕು ಅವರಿಗಿದೆ. ಆದರೆ ಕ್ಲಿಕ್ಕಿಗೊಂದು ಡಾಲರ್ ಲೆಕ್ಕದಲ್ಲಿ ತೆಗೆದ ಭಾವಚಿತ್ರದಲ್ಲಿ ಜನ ಕಂಬದಂತೆ ನಿಂತುಬಿಡುತ್ತಾರೆ. ಒಂದು ಪೂರ್ವಾಹ್ನಕ್ಕೆ ಇಷ್ಟು ಎಂದು ಮನೆಯವರೊಂದಿಗೆ ಮೊದಲೇ ಮಾತಾಡಿಕೊಂಡು, ಮೊದಲ ದಿನ ಕ್ಯಾಮೆರಾ ಮುಟ್ಟದೆ ಕುಳಿತರೆ ಕೆಲಸ ಬೇರೆಯದೇ ರೀತಿ ಸಾಗುತ್ತದೆ.

ಇನ್ನು ಜಾಗ. ಸುಣ್ಣದ ಮರಳು, ತೆಂಗಿನ ಮರ, ನೀಲಿ ನೀರನ್ನು ಹಿನ್ನೆಲೆಯಾಗಿಟ್ಟುಕೊಂಡು ತೆಗೆಯಬೇಕೆಂಬ ಆಸೆಯನ್ನು ಈಗಲೇ ಬಿಟ್ಟುಬಿಡಿ. ಆಲ್ಬಿನಿಸಂ ಇರುವವರು ಹಗಲಿನಲ್ಲಿ ಅಲ್ಲಿ ನಿಲ್ಲುವುದಿಲ್ಲ, ನಿಲ್ಲಿಸಲೂಬಾರದು. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ ಒಣಮರಳು ನೇರಳಾತೀತ ಕಿರಣಗಳಲ್ಲಿ ಸುಮಾರು 15 ಶೇಕಡಾವನ್ನೂ, ಅಲೆಯ ನೊರೆ ಸುಮಾರು 25 ಶೇಕಡಾವನ್ನೂ ಮೇಲಕ್ಕೆ ಹಿಂತಿರುಗಿಸುತ್ತದೆ. ಟೋಪಿ ಇಟ್ಟವರ ಗಲ್ಲದ ಕೆಳಗೂ ಬಿಸಿಲು ತಾಗುವುದು ಹೀಗೆ. ಅವರ ದಿನ ನಡೆಯುವುದು ಮನೆಯೊಳಗೆ. ಗುನಾ ಮನೆಗಳ ಗೋಡೆ ಬಿದಿರಿನಂತಹ ಕಡ್ಡಿಗಳನ್ನು ಒತ್ತಾಗಿ ನೆಟ್ಟು ಕಟ್ಟಿದ್ದು, ಮೇಲೆ ಗರಿಯ ಮಾಡು. ಕಡ್ಡಿಗಳ ಸಂದಿಯಿಂದ ಒಳಬರುವ ಬೆಳಕು ನೆಲದ ಮೇಲೆ ಬಾಚಣಿಗೆಯ ಹಲ್ಲಿನ ಹಾಗೆ ಬೀಳುತ್ತದೆ. ಆ ಪಟ್ಟೆಗಳಿಂದ ಎರಡು ಮಾರು ಒಳಗೆ, ತೂಗುಮಂಚ ಕಟ್ಟುವ ಜಾಗದಲ್ಲಿ, ಇಡೀ ಹಗಲು ಬದಲಾಗದ ಒಂದು ಮಂದ ಬೆಳಕಿರುತ್ತದೆ; ಭಾವಚಿತ್ರಕ್ಕೆ ಅದಕ್ಕಿಂತ ಒಳ್ಳೆಯ ಕೋಣೆಯನ್ನು ನಾನು ಬೇರೆಲ್ಲೂ ಕಂಡಿಲ್ಲ. ಬಿಸಿಲಿಗೆ ಇಳಿದು ತೋಟದ ಕೆಲಸ ಮಾಡಲಾಗದ ಗಂಡಸರು ಅಲ್ಲೇ ಕುಳಿತು ಮೋಲ ಹೊಲಿಯುವುದೂ ಉಂಟು. ಬಟ್ಟೆಯನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದು, ಉಸಿರಿಗೆ ದಾರದ ತುದಿ ಅಲುಗುವಂತೆ ಒಬ್ಬರು ಹೊಲಿಯುತ್ತಿದ್ದುದು ನನಗೆ ಇನ್ನೂ ಕಣ್ಣಿಗೆ ಕಟ್ಟಿದಂತಿದೆ.

ಹೊರಗೆ ತೆಗೆಯಲೇಬೇಕೆಂದರೆ ಮುಂಜಾವು ಅಥವಾ ಮುಸ್ಸಂಜೆ. ಸಮಭಾಜಕದಿಂದ ಒಂಬತ್ತೂವರೆ ಡಿಗ್ರಿ ದೂರದಲ್ಲಿರುವ ಆ ಊರುಗಳಲ್ಲಿ ಸೂರ್ಯ ಹೆಚ್ಚುಕಡಿಮೆ ನೆಟ್ಟಗೆ ಏರಿ ನೆಟ್ಟಗೆ ಇಳಿಯುತ್ತಾನೆ, ಹಾಗಾಗಿ ಹೊಂಬೆಳಕು ಅರ್ಧ ಗಂಟೆಯೂ ಉಳಿಯುವುದಿಲ್ಲ. ಫೆಬ್ರವರಿಯಲ್ಲಿ ಸೂರ್ಯಾಸ್ತ ಸುಮಾರು ಆರು ಗಂಟೆ ಇಪ್ಪತ್ತು ನಿಮಿಷಕ್ಕೆ. ಆರು ಗಂಟೆಗೆ ಎಲ್ಲ ಸಿದ್ಧವಾಗಿರಬೇಕು. ಫೆಬ್ರವರಿ ಕೊನೆಯ ವಾರದಲ್ಲಿ ಪನಾಮಾ ಸರ್ಕಾರದ ವಿರುದ್ಧ ಎದ್ದ 1925ರ ಗುನಾ ದಂಗೆಯ ಸ್ಮರಣೆ ನಡೆಯುತ್ತದೆ. ಆ ದಿನಗಳಲ್ಲಿ ಊರು ಗಿಜಿಗುಡುತ್ತದೆ, ಶಾಂತವಾಗಿ ಕುಳಿತು ಮಾಡುವ ಕೆಲಸವನ್ನು ಅದಕ್ಕೆ ಮೊದಲೇ ಮುಗಿಸಿಕೊಳ್ಳಿ.

---

ಉತ್ತರ 2
ಬರೆದವರು: ಹಳೆಯ ನೆಗೆಟಿವ್

"ಚಂದ್ರನ ಮಕ್ಕಳು" ಎಂಬ ಹೆಸರು ಬೇಡವೆಂದು ಕೇಳಿಕೊಳ್ಳುತ್ತೇನೆ. ಅದು ಗುನಾ ಜನರದೇ ನಂಬಿಕೆಯಿಂದ ಬಂದದ್ದು ನಿಜ. ಚಂದ್ರಗ್ರಹಣದ ಹೊತ್ತಿನಲ್ಲಿ ಉಳಿದವರೆಲ್ಲ ಮನೆಯೊಳಗಿದ್ದು, ಆಲ್ಬಿನಿಸಂ ಇರುವವರು ಮಾತ್ರ ಹೊರಗೆ ಬಂದು, ಚಂದ್ರನನ್ನು ನುಂಗುವ ಪ್ರಾಣಿಯ ಮೇಲೆ ಪುಟ್ಟ ಬಿಲ್ಲುಬಾಣ ಹಿಡಿದು ಹೊಡೆಯಬೇಕೆಂಬ ಸಂಪ್ರದಾಯ ಅವರಲ್ಲಿದೆ. ಆದರೆ ಅದೇ ಸಮಾಜದಲ್ಲಿ ಒಂದು ಕಾಲಕ್ಕೆ ಅವರ ಮದುವೆಗೆ ಅಡ್ಡಿಗಳಿದ್ದವು ಎಂಬುದನ್ನೂ ಹಳೆಯ ವರದಿಗಳು ಹೇಳುತ್ತವೆ. ಅವರ ಭಾಷೆಯಲ್ಲಿ ಬಳಕೆಯಲ್ಲಿರುವ ಮಾತು ಸಿಪು, ಬಿಳಿ ಎಂದಷ್ಟೇ ಅರ್ಥ. ಊರವರು ತಮ್ಮೊಳಗೆ ಹೇಳಿಕೊಳ್ಳುವ ಕತೆಯನ್ನು ಹೊರಗಿನವರು ಶೀರ್ಷಿಕೆ ಮಾಡಿದಾಗ ಅದು ಜಾತ್ರೆಯ ಫಲಕವಾಗುತ್ತದೆ.

ಈ ಜನರನ್ನು ನೋಡಿ ಬೆರಗಾಗುವ ಚಾಳಿ ಹೊಸದಲ್ಲ. 1681ರಲ್ಲಿ ಕಡಲ್ಗಳ್ಳರ ಜೊತೆಗಿದ್ದ ಲಯನೆಲ್ ವೇಫರ್ ಎಂಬ ಶಸ್ತ್ರವೈದ್ಯ ಗುನಾ ಜನರ ನಡುವೆ ಕೆಲವು ತಿಂಗಳು ಉಳಿದು, ಹಗಲಲ್ಲಿ ಕಣ್ಣು ಕಿರಿದುಮಾಡಿಕೊಂಡು ಒಳಗಿದ್ದು ಬೆಳದಿಂಗಳಲ್ಲಿ ಓಡಾಡುವ ಬಿಳಿಯ ಜನರಿದ್ದಾರೆಂದು ಬರೆದ. ಆ ಬರಹ 1699ರಲ್ಲಿ ಅಚ್ಚಾಯಿತು. 1924ರಲ್ಲಿ ರಿಚರ್ಡ್ ಮಾರ್ಷ್ ಎಂಬ ಅಮೆರಿಕನ್ ತಾನು "ಬಿಳಿ ಇಂಡಿಯನ್ನರ" ಕುಲವನ್ನೇ ಕಂಡುಹಿಡಿದಿದ್ದೇನೆಂದು ನಂಬಿ, ಆಲ್ಬಿನಿಸಂ ಇದ್ದ ಮೂವರು ಎಳೆಯರನ್ನೂ ಒಳಗೊಂಡ ಒಂದು ಗುನಾ ತಂಡವನ್ನು ಅಮೆರಿಕಕ್ಕೆ ಕರೆದೊಯ್ದ. ಪತ್ರಿಕೆಗಳಿಗೆ ಹಬ್ಬವಾಯಿತು, ವಿಜ್ಞಾನಿಗಳು ಪರೀಕ್ಷಿಸಿದರು, ಚಿತ್ರಗಳು ತೆಗೆಯಲ್ಪಟ್ಟವು. ಕೊನೆಗೆ ಅದು ಯಾವ ಹೊಸ ಕುಲವೂ ಅಲ್ಲ, ಆಲ್ಬಿನಿಸಂ ಎಂದು ತೀರ್ಮಾನವಾಯಿತು. ಮುಂದಿನ ವರ್ಷ ಅದೇ ಮಾರ್ಷ್ ಗುನಾ ದಂಗೆಗೆ ನೆರವಾದ ಎಂಬುದು ಬೇರೆ ಕತೆ. ನೀವು ಅಲ್ಲಿ ಎತ್ತುವ ಕ್ಯಾಮೆರಾ ಆ ಸಾಲಿನ ಮೊದಲನೆಯದಲ್ಲ ಎಂಬುದನ್ನಷ್ಟೇ ನೆನಪಿಸುತ್ತಿದ್ದೇನೆ.

ಪದದ ಬಗ್ಗೆ: "ವರ್ಣಹೀನರು" ಎಂದು ಕೆಲವು ಪುಸ್ತಕಗಳಲ್ಲಿ ಕಾಣುತ್ತದೆ. ಹೀನ ಎಂಬ ಪದ ಕನ್ನಡದಲ್ಲಿ ಬರೀ "ಇಲ್ಲದ" ಎಂಬ ಅರ್ಥಕ್ಕೆ ನಿಲ್ಲುವುದಿಲ್ಲ, ಕೀಳು ಎಂಬುದನ್ನೂ ಬೆನ್ನಿಗೆ ಕಟ್ಟಿಕೊಂಡು ಬರುತ್ತದೆ. ತೊನ್ನು ಎಂದಂತೂ ಬರೆಯಬೇಡಿ. ತೊನ್ನು ಎಂದರೆ ಇದ್ದ ಬಣ್ಣ ಆಮೇಲೆ ತೇಪೆತೇಪೆಯಾಗಿ ಹೋಗುವುದು; ಇದು ತಂದೆತಾಯಿ ಇಬ್ಬರಿಂದಲೂ ಒಂದೊಂದು ಬದಲಾದ ವಂಶವಾಹಿ ಬಂದಾಗ ಹುಟ್ಟಿನಿಂದಲೇ ಇರುವ ಸ್ಥಿತಿ. "ಆಲ್ಬಿನಿಸಂ ಇರುವವರು" ಎಂಬ ನಿಮ್ಮ ಪ್ರಯೋಗವೇ ಸರಿಯಾಗಿದೆ. ಅದಕ್ಕಿಂತ ಸರಿಯಾದದ್ದು "ಮೋಲ ಹೊಲಿಯುವವರು". ನಿಮ್ಮ ಬರಹ ಇರುವುದು ಹೊಲಿಗೆಯ ಬಗ್ಗೆ ಅಲ್ಲವೇ?

---

ಉತ್ತರ 3
ಬರೆದವರು: ಹದಿನೆಂಟು ಶೇಕಡಾ

ತಾಂತ್ರಿಕ ಭಾಗಕ್ಕೆ ನಾನು ಉತ್ತರಿಸುತ್ತೇನೆ. ಮದುವೆಯ ಚಿತ್ರದಲ್ಲಿ ಆದದ್ದು ಹೀಗೆ: ಕ್ಯಾಮೆರಾದ ಮೀಟರಿಗೆ ಮುಖ ಯಾವುದು, ಗೋಡೆ ಯಾವುದು ಎಂದು ನಿಜವಾಗಿ ತಿಳಿಯುವುದಿಲ್ಲ, ಎದುರಿಗಿರುವುದೆಲ್ಲ ಸೇರಿ ಸುಮಾರು 18 ಶೇಕಡಾ ಬೆಳಕು ಹಿಂತಿರುಗಿಸುವ ಬೂದುಬಣ್ಣಕ್ಕೆ ಸಮ ಎಂದು ಅದು ಊಹಿಸುತ್ತದೆ. ಹನ್ನೊಂದು ಕಂದು ಮುಖಗಳು, ಗಾಢಬಣ್ಣದ ರೇಷ್ಮೆಗಳು ತುಂಬಿದ್ದ ಚೌಕಟ್ಟಿನಲ್ಲಿ ಅದು ಬೆಳಕನ್ನು ಹೆಚ್ಚಿಸಿತು. ಒಂದೇ ಒಂದು ತಿಳಿಯಾದ ಮುಖದಲ್ಲಿ ವಿವರ ಉಳಿಯಲಿಲ್ಲ.

ಗುನಾ ಮನೆಯೊಳಗೆ ಇದೇ ತಪ್ಪು ಇನ್ನೂ ಜೋರಾಗಿ ಆಗುತ್ತದೆ. ಸುತ್ತ ಹೊಗೆ ಹಿಡಿದ ಕಪ್ಪು ಮಾಡು, ಮಧ್ಯೆ ಒಂದು ತಿಳಿ ಮುಖ. ಇಡೀ ಚೌಕಟ್ಟನ್ನು ಅಳೆಯುವ ಮೀಟರಿಂಗ್ ಬಳಸಿದರೆ ಒಂದರಿಂದ ಒಂದೂವರೆ ಸ್ಟಾಪ್ ಕಡಿಮೆ ಮಾಡಬೇಕಾದೀತು (ಒಂದು ಸ್ಟಾಪ್ ಇಳಿಸಿದರೆ ಬೆಳಕು ಅರ್ಧ, ಏರಿಸಿದರೆ ಇಮ್ಮಡಿ). ಮುಖವೇ ಚೌಕಟ್ಟನ್ನು ತುಂಬಿದಾಗ ಲೆಕ್ಕ ತಿರುಗುಮುರುಗಾಗುತ್ತದೆ. ಮೀಟರು ಆ ತಿಳಿಯನ್ನು ಬೂದಿಯ ಬಣ್ಣಕ್ಕೆ ಇಳಿಸುವುದರಿಂದ ಒಂದು ಸ್ಟಾಪ್ ಹೆಚ್ಚಿಸಬೇಕು. ಈ ಗೊಂದಲವೇ ಬೇಡವೆಂದರೆ ಕೈಯಲ್ಲಿ ಹಿಡಿಯುವ ಮೀಟರನ್ನು ಅವರ ಗಲ್ಲದ ಬಳಿ ಹಿಡಿದು, ಬೀಳುತ್ತಿರುವ ಬೆಳಕನ್ನೇ ಅಳೆಯಿರಿ. ಬೀಳುವ ಬೆಳಕಿಗೆ ಚರ್ಮದ ಬಣ್ಣ ಗೊತ್ತಿಲ್ಲ, ಹಾಗಾಗಿ ಪಕ್ಕದಲ್ಲಿ ಕುಳಿತ ಅಕ್ಕನ ಕಂದು ಮುಖಕ್ಕೂ ತಮ್ಮನ ತಿಳಿ ಮುಖಕ್ಕೂ ಅದೇ ಅಳತೆ ಸಲ್ಲುತ್ತದೆ. ನಾನಾದರೆ ಅದರಿಂದ ಇನ್ನೊಂದು ಮೂರನೇ ಒಂದು ಸ್ಟಾಪ್ ಇಳಿಸಿ ಇಟ್ಟುಕೊಳ್ಳುತ್ತೇನೆ, ಏಕೆಂದರೆ ನೆರಳನ್ನು ಆಮೇಲೆ ಎತ್ತಬಹುದು, ಸುಟ್ಟುಹೋದ ಬಿಳಿಯನ್ನು ಮರಳಿ ತರಲಾಗದು. ಕ್ಯಾಮೆರಾ ಹಿಡಿದ ಮಾಹಿತಿಯನ್ನು ಸಂಸ್ಕರಿಸದೆ ಉಳಿಸುವ ರಾ ಕಡತದಲ್ಲೇ ತೆಗೆಯಿರಿ. ಚಿತ್ರದ ಕಪ್ಪಿನಿಂದ ಬಿಳಿಯವರೆಗಿನ ಬೆಳಕಿನ ಹಂಚಿಕೆ ತೋರಿಸುವ ಹಿಸ್ಟೋಗ್ರಾಂ ನಕ್ಷೆಯಲ್ಲಿ ಕೆಂಪು, ಹಸಿರು, ನೀಲಿ ಮೂರು ಬಣ್ಣಗಳನ್ನೂ ಬೇರೆ ಬೇರೆಯಾಗಿ ನೋಡಿರಿ, ಚರ್ಮದಲ್ಲಿ ಮೊದಲು ಅಂಚಿಗೆ ಬಡಿಯುವುದು ಕೆಂಪು. ಒಟ್ಟು ಗೆರೆ ಚೆನ್ನಾಗಿ ಕಂಡರೂ ಅದು ಒಳಗೊಳಗೇ ಹೋಗಿರುತ್ತದೆ.

ಬಣ್ಣದ ಬಗ್ಗೆ ಒಂದು ಎಚ್ಚರಿಕೆ. ತಿಳಿಚರ್ಮ ಸುತ್ತಲಿನ ಬಣ್ಣವನ್ನು ಕನ್ನಡಿಯಂತೆ ಹಿಡಿಯುತ್ತದೆ. ತೆಂಗಿನ ಗರಿಯ ಕೆಳಗೆ ಕೆನ್ನೆ ಹಸಿರಾಗುತ್ತದೆ, ಕೆಂಪು ಮೋಲವನ್ನು ಮಡಿಲಲ್ಲಿಟ್ಟುಕೊಂಡರೆ ಗಲ್ಲದ ಕೆಳಭಾಗ ಕಿತ್ತಳೆಯಾಗುತ್ತದೆ. ಪ್ರತಿ ಜಾಗದಲ್ಲೂ, ಆಮೇಲೆ ಬಣ್ಣ ಸರಿಪಡಿಸಲು ನೆರವಾಗುವ ಬೂದುಕಾರ್ಡಿನ ಒಂದು ಚಿತ್ರ ತೆಗೆದಿಟ್ಟುಕೊಳ್ಳಿ. ಕೂದಲು, ರೆಪ್ಪೆ ಹಿಮದಂತೆ ಬಿಳಿಯಾಗಿರಬೇಕೆಂದು ಎಡಿಟಿಂಗಿನಲ್ಲಿ ಹಳದಿಯನ್ನು ತೆಗೆಯಬೇಡಿ. ಗುನಾ ಜನರಲ್ಲಿರುವುದು ಒಸಿಎ2 ಎಂಬ ವಂಶವಾಹಿಯಿಂದ ಬರುವ ಬಗೆ, ಅದರಲ್ಲಿ ಕೂದಲು ಹೆಚ್ಚಾಗಿ ಹುಲ್ಲಿನ ಹಳದಿ ಅಥವಾ ಹೊಂಬಣ್ಣ. ಕಣ್ಣು ಕೆಂಪೆಂಬುದೂ ಬಹುಮಟ್ಟಿಗೆ ಫ್ಲ್ಯಾಶಿನ ಸೃಷ್ಟಿ. ನೀಲಿ, ಬೂದು, ತಿಳಿಕಂದು ಕಣ್ಣುಗಳೇ ಹೆಚ್ಚು. ಲೆನ್ಸಿನ ಪಕ್ಕದಿಂದಲೇ ನೇರವಾಗಿ ಬೆಳಕು ಹೊಡೆದಾಗ ಮಾತ್ರ ಒಳಗಿನ ರಕ್ತನಾಳಗಳ ಕೆಂಪು ಹಿಂತಿರುಗುತ್ತದೆ.

ಕೊನೆಯದಾಗಿ, ಮನೆಯೊಳಗೆ ಬೆಳಕು ಸಾಲದಿದ್ದರೆ ಒಂದು ಬೆಳ್ಳಿಬಣ್ಣದ ರಿಫ್ಲೆಕ್ಟರ್ ಒಯ್ಯಿರಿ. ಬಾಗಿಲಿನ ಬೆಳಕನ್ನು ಮುಖಕ್ಕೆ ತಿರುಗಿಸಿದರೆ ಕಣ್ಣಿನ ಕೆಳಗಿನ ನೆರಳು ತುಂಬಿಕೊಳ್ಳುತ್ತದೆ.

---

ಉತ್ತರ 4
ಬರೆದವರು: ಓರೆನೋಟ

ಈ ಚರ್ಚೆಯನ್ನು ಪರದೆಗೆ ಮೂಗು ತಾಗಿಸಿಕೊಂಡು ಓದಿದೆ, ಏಕೆಂದರೆ ನನಗೂ ಆಲ್ಬಿನಿಸಂ ಇದೆ. ನಾನು ಗುನಾ ಅಲ್ಲ, ಆ ದ್ವೀಪಗಳನ್ನು ಕಂಡವಳೂ ಅಲ್ಲ. ಅಲ್ಲಿನವರ ಪರವಾಗಿ ಮಾತಾಡುವ ಅಧಿಕಾರ ನನಗಿಲ್ಲ. ಆದರೆ ಕಣ್ಣು ಎಲ್ಲಿದ್ದರೂ ಕಣ್ಣೇ.

ದಯವಿಟ್ಟು ಆ ಬೆಳ್ಳಿಯ ರಿಫ್ಲೆಕ್ಟರನ್ನು ಮನೆಯಲ್ಲೇ ಬಿಟ್ಟುಹೋಗಿ. ನಮ್ಮ ಕಣ್ಣಿನ ಪಾಪೆಯ ಸುತ್ತಲಿನ ಪರದೆಯಲ್ಲಿ ಬೆಳಕನ್ನು ತಡೆಯುವ ಬಣ್ಣ ಕಡಿಮೆ, ಆದ್ದರಿಂದ ಬೆಳಕು ಪಾಪೆಯ ಕಿಂಡಿಯಿಂದ ಮಾತ್ರವಲ್ಲ, ಆ ಪರದೆಯ ಮೂಲಕವೂ ಒಳನುಗ್ಗುತ್ತದೆ. ನಿಮಗೆ "ಸ್ವಲ್ಪ ಹೊಳಪು" ಅನ್ನಿಸುವುದು ನಮಗೆ ಮುಖಕ್ಕೆ ಹಿಡಿದ ಟಾರ್ಚು. ಫ್ಲ್ಯಾಶ್ ಬಿದ್ದ ಮೇಲೆ ನನಗೆ ಸ್ವಲ್ಪ ಹೊತ್ತು ಎದುರಿಗಿದ್ದವರ ಬದಲು ಒಂದು ನೇರಳೆ ಚೌಕ ಕಾಣುತ್ತಿರುತ್ತದೆ. ಮಂದ ಬೆಳಕಿನಲ್ಲಿ ಫೋಕಸ್ ಮಾಡಲು ಕೆಲವು ಕ್ಯಾಮೆರಾಗಳು ಹೊತ್ತಿಸುವ ಆ ಚಿಕ್ಕ ದೀಪವನ್ನೂ ಸೆಟ್ಟಿಂಗಿನಲ್ಲಿ ಆರಿಸಿಡಿ. ಬಹಳ ಜನಕ್ಕೆ ಅದು ಇದೆಯೆಂಬುದೇ ಮರೆತಿರುತ್ತದೆ.

ಇನ್ನೊಂದು ವಿಷಯವನ್ನು ಇಲ್ಲಿ ಯಾರೂ ಹೇಳಲಿಲ್ಲ. ನಮ್ಮಲ್ಲಿ ಹೆಚ್ಚಿನವರ ಕಣ್ಣುಗುಡ್ಡೆಗಳು ತಾವಾಗಿಯೇ ಅತ್ತಿತ್ತ ಓಲಾಡುತ್ತಿರುತ್ತವೆ, ಬೇಕೆಂದು ಮಾಡುವುದಲ್ಲ. ಆ ಓಲಾಟ ಎಲ್ಲ ದಿಕ್ಕಿನಲ್ಲೂ ಒಂದೇ ಸಮ ಇರುವುದಿಲ್ಲ. ಒಂದು ಕೋನದಲ್ಲಿ ನೋಡಿದಾಗ ಅದು ತೀರಾ ಕಡಿಮೆಯಾಗಿ, ನೋಟ ನಿಲ್ಲುತ್ತದೆ. ನನಗೆ ಆ ಕೋನ ಎಡಕ್ಕಿದೆ; ಅದಕ್ಕಾಗಿ ನಾನು ಮುಖವನ್ನು ಬಲಕ್ಕೆ ತಿರುಗಿಸಿ, ಗಲ್ಲವನ್ನು ತುಸು ತಗ್ಗಿಸಿ, ಓರೆಯಾಗಿ ನೋಡುತ್ತೇನೆ. ಅದೇ ನನ್ನ ನೇರನೋಟ. ಗುರುತಿನ ಚೀಟಿಗೆಂದು ಒಂದು ಸ್ಟುಡಿಯೋಗೆ ಹೋಗಿದ್ದಾಗ ಅಲ್ಲಿದ್ದವರು ನನ್ನ ಗಲ್ಲವನ್ನು ಎರಡು ಬೆರಳಿನಿಂದ ಹಿಡಿದು ನೆಟ್ಟಗೆ ಮಾಡಿ "ಅಲುಗಾಡಬೇಡಿ, ಇಲ್ಲಿ ನೋಡಿ" ಎಂದರು. ನೆಟ್ಟಗಾದ ಕೂಡಲೇ ಕಣ್ಣು ಇನ್ನೂ ಜೋರಾಗಿ ಓಲಾಡತೊಡಗಿತು. ಅವರು ಮತ್ತೆ ಬಂದು ಗಲ್ಲ ಹಿಡಿದರು. ಹೀಗೆ ಆರು ಸಲ, ಆರು ಫ್ಲ್ಯಾಶ್. ಆ ಚೀಟಿಯಲ್ಲಿರುವ ಹೆಂಗಸು ಯಾರೆಂದು ನನಗೇ ತಿಳಿಯುವುದಿಲ್ಲ.

ಆದ್ದರಿಂದ ಕೂತವರು ತಲೆಯನ್ನು ಹೇಗೆ ಇಟ್ಟುಕೊಳ್ಳುತ್ತಾರೋ ಹಾಗೆಯೇ ಬಿಡಿ. ನೀವು ಜಾಗ ಬದಲಿಸಿ. ಶಟರ್ ವೇಗವನ್ನು 1/250 ಸೆಕೆಂಡಿಗಿಂತ ಕೆಳಗೆ ಇಳಿಸದಿದ್ದರೆ ಓಲಾಟ ಮಸುಕಾಗಿ ಕಾಣದು. ಕಣ್ಣನ್ನು ಹುಡುಕಿ ಫೋಕಸ್ ಮಾಡುವ ಸೌಲಭ್ಯ ಬಿಳಿ ರೆಪ್ಪೆಯ ಮುಂದೆ ಕೆಲವೊಮ್ಮೆ ಎಡವುತ್ತದೆ ಎಂದು ನನ್ನ ತಮ್ಮ ಹೇಳುತ್ತಾನೆ, ಅವನು ಒಂದೇ ಬಿಂದುವನ್ನು ತಾನೇ ಆರಿಸಿಕೊಳ್ಳುತ್ತಾನೆ. ಟೋಪಿಯನ್ನು ತೆಗೆಯಿರೆಂದು ಕೇಳಬೇಡಿ. ಅದು ಅಲಂಕಾರವಲ್ಲ.

ತೆಗೆದ ಚಿತ್ರವನ್ನು ಕ್ಯಾಮೆರಾದ ಹಿಂದಿನ ಮೂರಿಂಚಿನ ಪರದೆಯಲ್ಲಿ ತೋರಿಸಿ "ಚೆನ್ನಾಗಿದೆಯಲ್ಲವೇ" ಎನ್ನುವವರು ಬಹಳ. ನನಗೆ ಅದರಲ್ಲಿ ಏನೂ ಕಾಣುವುದಿಲ್ಲ, ಆದರೂ ತಲೆಯಾಡಿಸುತ್ತೇನೆ, ಅವರ ಉತ್ಸಾಹಕ್ಕೆ ನೀರೆರಚಬಾರದೆಂದು. ಕಾಣದ ಚಿತ್ರಕ್ಕೆ ಕೊಟ್ಟ ಆ ತಲೆಯಾಡಿಕೆಯನ್ನು ಒಪ್ಪಿಗೆ ಎಂದು ಲೆಕ್ಕ ಹಾಕಬೇಡಿ. ದೊಡ್ಡ ಟ್ಯಾಬ್ಲೆಟ್ ಒಯ್ದು, ಪ್ರಕಾಶವನ್ನು ತಗ್ಗಿಸಿ, ಅವರ ಕೈಗೇ ಕೊಡಿ, ಬೇಕಾದಷ್ಟು ಹತ್ತಿರ ತಂದುಕೊಂಡು ನೋಡಲಿ. ಒಪ್ಪಿಗೆಯ ಕಾಗದವಿದ್ದರೆ ಅಕ್ಷರ ದಪ್ಪವಾಗಿರಲಿ, ಅದನ್ನು ಅವರ ಭಾಷೆಯಲ್ಲಿ ಯಾರಾದರೂ ಗಟ್ಟಿಯಾಗಿ ಓದಿ ಹೇಳಲಿ.

---

ಉತ್ತರ 5
ಬರೆದವರು: ಹದಿನೆಂಟು ಶೇಕಡಾ

ರಿಫ್ಲೆಕ್ಟರಿನ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ಬೆಳಕನ್ನು ಅಳೆದೆನೇ ಹೊರತು ಆ ಬೆಳಕು ಯಾರ ಕಣ್ಣಿಗೆ ಬೀಳುತ್ತದೆಂದು ಯೋಚಿಸಲಿಲ್ಲ. ಓರೆನೋಟ ಅವರೇ, ತಿಳಿಸಿದ್ದಕ್ಕೆ ಕೃತಜ್ಞ.

ಅದರ ಬದಲು ಎರಡು ಗಜ ಕಪ್ಪು ಬಟ್ಟೆ ಒಯ್ಯಿರಿ. ತಿಳಿ ಮುಖಕ್ಕೆ ಸಾಮಾನ್ಯವಾಗಿ ಕೊರತೆಯಾಗುವುದು ಬೆಳಕಲ್ಲ, ನೆರಳು. ಬಾಗಿಲು ಒಂದು ಪಕ್ಕದಲ್ಲಿದ್ದರೆ ಇನ್ನೊಂದು ಪಕ್ಕದಲ್ಲಿ, ಮುಖದಿಂದ ಒಂದು ಮೊಳ ದೂರದಲ್ಲಿ ಕಪ್ಪು ಬಟ್ಟೆ ಇಳಿಬಿಟ್ಟರೆ ಆ ಕೆನ್ನೆಗೆ ಹಿಂತಿರುಗುವ ಬೆಳಕು ನಿಂತು, ದವಡೆಯ ಗೆರೆ, ಮೂಗಿನ ಬದಿ ತಾವಾಗಿ ಮೂಡುತ್ತವೆ. ಬಾಗಿಲಿಗೆ ಬೆನ್ನು ಅಥವಾ ಭುಜ ಕೊಟ್ಟು ಕುಳಿತರೆ ಕಣ್ಣಿಗೂ ಹಿತ. ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆಯಾದ ಐಎಸ್‌ಒವನ್ನು 3200ರವರೆಗೆ ಏರಿಸಲು ಹಿಂಜರಿಯಬೇಡಿ. ಈಗಿನ ಕ್ಯಾಮೆರಾಗಳಲ್ಲಿ ಅದರಿಂದ ಚಿತ್ರದಲ್ಲಿ ಮೂಡುವ ಕಾಳು ಯಾರನ್ನೂ ಕೊಲ್ಲುವುದಿಲ್ಲ. ಬೆಳಕಿನ ಕಿಂಡಿ ಎಫ್ 2ರ ಆಸುಪಾಸಿನಷ್ಟು ಅಗಲ ತೆರೆಯುವ 50 ಅಥವಾ 85 ಮಿಲಿಮೀಟರ್ ಲೆನ್ಸ್ ಇದ್ದರೆ 1/250 ಸುಲಭವಾಗಿ ಸಿಗುತ್ತದೆ.

---

ಉತ್ತರ 6
ಬರೆದವರು: ಹವಳದಂಡೆ

ಪ್ರಕಟಿಸುವ ಬಗ್ಗೆ ಒಂದೆರಡು ಮಾತು ಸೇರಿಸುತ್ತೇನೆ. ದ್ವೀಪ ಎಂದರೆ ಎಲ್ಲ ಕಡೆಯೂ ಒಂದೇ ಸ್ಥಿತಿಯಲ್ಲ. ಟಾಂಜಾನಿಯಾದ ವಿಕ್ಟೋರಿಯಾ ಸರೋವರದಲ್ಲಿರುವ ಉಕೆರೆವೆ ದ್ವೀಪದಲ್ಲೂ ಆಲ್ಬಿನಿಸಂ ಇರುವವರು ಗಣನೀಯ ಸಂಖ್ಯೆಯಲ್ಲಿದ್ದಾರೆ. ಆ ದೇಶದಲ್ಲಿ ಮಾಟಮಂತ್ರದ ಹೆಸರಿನಲ್ಲಿ ಅವರ ಮೇಲೆ ಕೊಲೆಗಡುಕ ದಾಳಿಗಳು ನಡೆದಿವೆ, ಅಲ್ಲಿ ಒಂದು ಮುಖ ಮತ್ತು ಒಂದು ಊರಿನ ಹೆಸರು ಒಟ್ಟಿಗೆ ಅಂತರ್ಜಾಲಕ್ಕೆ ಬಿದ್ದರೆ ಜೀವಕ್ಕೇ ಅಪಾಯ. ಗುನಾ ದ್ವೀಪಗಳಲ್ಲಿ ಆ ಭಯವಿಲ್ಲ. ಅಲ್ಲಿ ಪ್ರಾಣ ತೆಗೆಯುವುದು ಬಿಸಿಲು, ಚರ್ಮದ ಕ್ಯಾನ್ಸರ್. ಹಾಗಿದ್ದರೂ ಚಿತ್ರದ ಕಡತದೊಳಗೆ ಕ್ಯಾಮೆರಾ ಬರೆದಿಡುವ ಸ್ಥಳದ ಅಂಕಿಗಳನ್ನು ಅಳಿಸಿಯೇ ಹಾಕಿ, ಏಕೆಂದರೆ ಒಂದು ಚಿತ್ರ ಹೆಸರಾದರೆ ಮುಂದಿನ ದೋಣಿಯಲ್ಲಿ ಹತ್ತು ಜನ "ಆ ಹುಡುಗಿ ಎಲ್ಲಿ" ಎಂದು ಕೇಳಿಕೊಂಡು ಇಳಿಯುತ್ತಾರೆ.

ಬಿಸಿಲಿನಿಂದಾದ ಕಲೆ, ಒಡೆದ ತುಟಿ, ಮಚ್ಚೆಗಳನ್ನು ಎಡಿಟಿಂಗಿನಲ್ಲಿ ಅಳಿಸಬೇಕೇ ಎಂಬ ಪ್ರಶ್ನೆ ಬರುತ್ತದೆ. ನಾನು ಅಳಿಸಲಿಲ್ಲ, ಆದರೆ ವಿವರವನ್ನು ಚೂಪುಗೊಳಿಸುವ ಸ್ಲೈಡರನ್ನೂ ಮುಟ್ಟಲಿಲ್ಲ. ಅದು ಕೆನ್ನೆಯ ಮೇಲಿನ ಪ್ರತಿ ಚುಕ್ಕೆಯನ್ನೂ ಗಾಯದಂತೆ ಕಾಣಿಸುತ್ತದೆ. ಒಬ್ಬರು ಮಾತ್ರ ತುಟಿಯ ಹುಣ್ಣು ಕಾಣಬಾರದೆಂದು ಕೇಳಿಕೊಂಡರು. ಅದು ವಾಸಿಯಾಗುವ ತನಕ ಕಾದು, ಹೊರಡುವ ಹಿಂದಿನ ದಿನ ತೆಗೆದೆ.

ಇನ್ನೊಂದು: ನೀವು ಓದಿರುವ ಹಳೆಯ ಬರಹಗಳಲ್ಲಿ ಗಾರ್ಡಿ ಸುಗ್ದುಬ್ ದ್ವೀಪದ ಉಲ್ಲೇಖವಿದ್ದರೆ, ಕಡಲು ಏರುತ್ತಿರುವ ಕಾರಣ 2024ರ ಜೂನ್ ತಿಂಗಳಿನಲ್ಲಿ ಅಲ್ಲಿನ ಸುಮಾರು 300 ಕುಟುಂಬಗಳಿಗೆ ಒಳನಾಡಿನ ಇಸ್ಬೆರ್ ಯಾಲಾ ಎಂಬ ಹೊಸ ಬಡಾವಣೆಯಲ್ಲಿ ಮನೆ ಕೊಟ್ಟದ್ದನ್ನು ಗಮನದಲ್ಲಿಡಿ. ದ್ವೀಪದಲ್ಲಿ ಮನೆಗೆ ಮನೆ ತಾಗಿಕೊಂಡಿದ್ದು, ನಡುವಿನ ಓಣಿಗಳು ಹಗಲೆಲ್ಲ ನೆರಳಾಗಿರುತ್ತಿದ್ದವು. ನಿಮ್ಮ ಮೂವರಲ್ಲಿ ಯಾರಾದರೂ ಹೊಸ ಕಡೆಗೆ ಹೋಗಿದ್ದರೆ ಕಡ್ಡಿಗೋಡೆಯ ಬೆಳಕನ್ನು ಅಲ್ಲಿ ನಿರೀಕ್ಷಿಸಬೇಡಿ, ಮೊದಲೇ ಕೇಳಿ ತಿಳಿದುಕೊಳ್ಳಿ.

---

ಪ್ರಶ್ನೆ ಕೇಳಿದವರ ಮರುಮಾತು
ಬರೆದವರು: ದಡದ ನೆರಳು

ಎಲ್ಲರಿಗೂ ಕೃತಜ್ಞತೆಗಳು. ಶೀರ್ಷಿಕೆಯನ್ನು ಕೈಬಿಟ್ಟಿದ್ದೇನೆ. ಫ್ಲ್ಯಾಶನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿದ್ದೇನೆ. ಸ್ನೇಹಿತೆಯ ಮೂಲಕ ಆ ಮೂವರಿಗೂ ಮತ್ತೊಮ್ಮೆ ಕೇಳಿಸಿದೆ, ಈ ಬಾರಿ ಚಿತ್ರಗಳು ಎಲ್ಲಿ ಅಚ್ಚಾಗುತ್ತವೆ, ಯಾರು ನೋಡುತ್ತಾರೆ ಎಂಬುದನ್ನೂ ಬಿಡಿಸಿ ಹೇಳಿ. ಇಬ್ಬರು ಒಪ್ಪಿದ್ದಾರೆ. ಮೂರನೆಯವರು, ಎಲ್ಲರಿಗಿಂತ ನುರಿತ ಹೊಲಿಗೆಯವರು, ಮುಖ ಬೇಡ, ಕೈ ಮತ್ತು ಮೋಲ ಮಾತ್ರ ತೆಗೆಯಬಹುದು ಎಂದು ತಿಳಿಸಿದ್ದಾರೆ. ಮೊದಲಾಗಿದ್ದರೆ ನನಗೆ ನಿರಾಶೆಯಾಗುತ್ತಿತ್ತೇನೋ. ಈಗ ನನ್ನ ಪ್ರಶ್ನೆ ಇಷ್ಟೇ: ಕೆಂಪು, ಕಪ್ಪು ಬಟ್ಟೆಯ ಮೇಲೆ ತಿಳಿಬಣ್ಣದ ಬೆರಳುಗಳು, ಎರಡರ ವಿವರವೂ ಉಳಿಯಬೇಕು. ಯಾವುದಕ್ಕೆ ಅಳೆಯಲಿ?

---

ಉತ್ತರ 7
ಬರೆದವರು: ಹದಿನೆಂಟು ಶೇಕಡಾ

ಬೆರಳಿಗೆ ಅಳೆಯಿರಿ. ಒಂದು ಚಿಕ್ಕ ಜಾಗವನ್ನಷ್ಟೇ ಅಳೆಯುವ ಸ್ಪಾಟ್ ಮೀಟರಿಂಗಿನಲ್ಲಿ ಅಂಗೈಯ ಹಿಂಬದಿಯನ್ನು ಅಳೆದು ಒಂದು ಸ್ಟಾಪ್ ಹೆಚ್ಚಿಸಿದರೆ ಉಗುರಿನ ಬುಡದ ಬಿಳಿಗೆರೆಯೂ ಉಳಿಯುತ್ತದೆ. ಕಪ್ಪು ಪದರ ಮಂಕಾಗಿ ಕಂಡರೆ ರಾ ಕಡತದಲ್ಲಿ ಒಂದೂವರೆ ಸ್ಟಾಪ್‌ನಷ್ಟು ಮೇಲೆತ್ತಲು ಅವಕಾಶವಿರುತ್ತದೆ. ಬೆಳಕು ಸೂಜಿ ಹಿಡಿದ ಕೈಯ ಎದುರು ಬದಿಯಿಂದ, ತಗ್ಗಿನಿಂದ ಬರಲಿ, ಆಗ ಮಡಿಸಿ ಹೊಲಿದ ಅಂಚುಗಳ ಸಣ್ಣ ನೆರಳು ಬಿದ್ದು ಪದರಗಳು ಎದ್ದು ಕಾಣುತ್ತವೆ. ಅವರು ಬಟ್ಟೆಯನ್ನು ಮುಖದ ಹತ್ತಿರ ಹಿಡಿದೇ ಹೊಲಿಯುವವರಾದರೆ ಚೌಕಟ್ಟಿನೊಳಗೆ ಮುಖ ನುಸುಳುವ ಸಾಧ್ಯತೆ ಹೆಚ್ಚು. 90 ಅಥವಾ 100 ಮಿಲಿಮೀಟರ್ ಮ್ಯಾಕ್ರೋ ಲೆನ್ಸ್ ಇಟ್ಟುಕೊಂಡು ಭುಜದ ಹಿಂದಿನಿಂದ ತೆಗೆಯಿರಿ, ಮತ್ತು ಪ್ರತಿ ಹತ್ತು ಚಿತ್ರಕ್ಕೊಮ್ಮೆ ಟ್ಯಾಬ್ಲೆಟ್ಟನ್ನು ಅವರ ಕೈಗೆ ಕೊಟ್ಟು ಗಲ್ಲದ ಅಂಚೂ ಬಂದಿಲ್ಲವೆಂದು ಅವರಿಂದಲೇ ನೋಡಿಸಿ.